ಕೈಗಡಿಯಾರದ ಬೆನ್ನಿಗೆ ಬಂದ ಲಾರಿ

ಹೆಜ್ಜೆ ಎಣಿಸುವ ಕೈಗಡಿಯಾರ ಅಂಗೈಯಗಲದ ಡಬ್ಬಿಯಲ್ಲಿ ಬಂತು. ಅದರ ಬೆನ್ನಿಗೇ ಒಂದು ಲಾರಿ ಬಂತು.

ಕನ್ನಡಕದ ಅಂಗಡಿಯವನಿಗೆ ಆ ಗಡಿಯಾರ ಯಾಕೆ ಬೇಕಿತ್ತು ಅಂತ ಮಾತ್ರ ಕೇಳಬೇಡಿ. ಬೆಳಗಿನಿಂದ ಸಂಜೆವರೆಗೆ ಸ್ಟೂಲಿನ ಮೇಲೆ ಕೂತು ಗಾಜು ಉಜ್ಜುವ ಆಸಾಮಿ ಅವನು. ಸ್ಟೂಲಿನಿಂದ ಊಟದ ತಟ್ಟೆಗೆ, ತಟ್ಟೆಯಿಂದ ಹಾಸಿಗೆಗೆ, ಅಲ್ಲಿಗೆ ಮುಗಿಯಿತು ನಡಿಗೆ. ಎದುರಿನ ಔಷಧಿ ಅಂಗಡಿಯವನ ಕೈಯಲ್ಲಿ ಕಂಡಿತು, ಆಸೆ ಹುಟ್ಟಿತು, ಅಷ್ಟೇ. ಫೋನಿನಲ್ಲಿ ಕೊಳ್ಳುವಾಗ ಒಂದು ಹಸಿರು ಗುಂಡಿ ಕಂಡಿತ್ತು: 'ಜವಾಬ್ದಾರಿ ಹಂಚಿಕೊಳ್ಳುತ್ತೇನೆ'. ಪಕ್ಕದಲ್ಲಿ ಎಲೆಯ ಚಿತ್ರ, ಕೆಳಗೆ ರಿಯಾಯಿತಿ. ಎಲ್ಲೋ ಒಂದು ಗಿಡ ನೆಡುತ್ತಾರೆ, ನಮ್ಮ ಗಂಟೇನು ಹೋಗುತ್ತದೆ ಎಂದು ಒತ್ತಿಬಿಟ್ಟಿದ್ದ.

ಲಾರಿಯಿಂದ ಮೊದಲು ಮಣ್ಣಿನ ಮೂಟೆಗಳು ಇಳಿದವು. ಆಮೇಲೆ ಪ್ಲಾಸ್ಟಿಕ್ ಚೂರಿನ ಪೆಟ್ಟಿಗೆಗಳು, ಕಪ್ಪು ನೀರಿನ ಡ್ರಮ್ಮುಗಳು. ಕೊನೆಗೆ ಒಬ್ಬ ಆಳು ಇಷ್ಟಗಲದ ಗಾಜಿನಂಥ ಚೀಲವೊಂದನ್ನು ತಬ್ಬಿಕೊಂಡು ಬಂದ. ಒಳಗೆ ಹೊಗೆ ತನ್ನ ಪಾಡಿಗೆ ತಾನು ಸುತ್ತುತ್ತಿತ್ತು.

"ಇದೇನಪ್ಪ ಇದೆಲ್ಲ?"

"ನಿಮ್ಮ ಗಡಿಯಾರ ಮಾಡುವಾಗ ಆಗಿದ್ದು ಸಾರ್," ಎಂದ ಡ್ರೈವರ್. "ಅಗೆದ ಮಣ್ಣು, ತೊಳೆದ ನೀರು, ಬಿಟ್ಟ ಹೊಗೆ. ಇನ್ಮೇಲೆ ಯಾರ ಸಾಮಾನೋ ಅವರಿಗೇ ಕಸ. ಹೊಗೆ ಚೀಲ ಮಾತ್ರ ಮೊಳೆ ಇರೋ ಗೋಡೆ ಹತ್ರ ಇಡಬೇಡಿ."

ಕೆಳಗಡೆ ಇದ್ದಿದ್ದು ಅಂಗಡಿ, ಅದರ ಹಿಂದೆ ಒಂದೇ ಒಂದು ಕೋಣೆ. ಅದು ಸೂರಿನವರೆಗೆ ತುಂಬಿತು. ಅವನು ತಲೆ ಮೇಲೆ ಕೈ ಹೊತ್ತು ಕೂತ. ಆ ಕೋಣೆ ಅಕ್ಕನಿಗೆ ಅಂತ ಇಟ್ಟಿದ್ದು. ಶನಿವಾರ ಅವಳು ಆಸ್ಪತ್ರೆಯಿಂದ ಬರುವವಳಿದ್ದಳು. ಅಮ್ಮ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಈಗ ಆ ಸೊಂಟವೇ ಮುರಿದಿತ್ತು, ಮಹಡಿ ಹತ್ತುವ ಮಾತೇ ಇಲ್ಲ. ಮನೆಯಲ್ಲಿ ಜಾಗ ಆಗದಿದ್ದರೆ ಹೇಳಿ, ವೃದ್ಧಾಶ್ರಮದಲ್ಲಿ ಹಾಸಿಗೆ ಖಾಲಿ ಇದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಅಕ್ಕನೂ ಫೋನಿನಲ್ಲಿ ಅಂದಿದ್ದಳು: "ನಿಂಗೆ ತೊಂದರೆ ಆಗೋದಾದ್ರೆ ಅಲ್ಲಿಗೇ ಹೋಗ್ತೀನಿ ಕಣೋ, ನಂಗೇನೂ ಬೇಜಾರಿಲ್ಲ." ಅಕ್ಕ ಬೇಜಾರಿಲ್ಲ ಅಂದರೆ ಕರುಳು ಹಿಂಡಿದಷ್ಟು ಬೇಜಾರು ಅಂತ ಅವನಿಗೆ ಚೆನ್ನಾಗಿ ಗೊತ್ತು.

"ಗಡಿಯಾರ ಕಟ್ಕೊಂಡೇ ಕಂಪನಿಗೆ ಹೋಗಿಬನ್ನಿ," ಎಂದಳು ಹೆಂಡತಿ. "ಹೆಜ್ಜೆನಾದ್ರೂ ಲೆಕ್ಕಕ್ಕೆ ಸಿಗ್ಲಿ."

ಹೋದ. ಕಂಪನಿಯ ನೆಲ ಮುಖ ನೋಡಿಕೊಳ್ಳುವ ಹಾಗಿತ್ತು. ಜವಾಬ್ದಾರಿ ವಿಭಾಗದ ಮೇಡಂ ಎದ್ದು ನಿಂತು ಕೈ ಮುಗಿದರು.

"ನೀವು ನಮ್ಮ ಹೆಮ್ಮೆ ಸಾರ್. ನಿಮ್ಮಂಥವರಿಂದ ನಮ್ಮ ಕಾರ್ಖಾನೆ ಕಸ ಈಗ ಸೊನ್ನೆ."

"ಸೊನ್ನೆ ಎಲ್ಲಿ ಬಂತು ಮೇಡಂ? ಎಲ್ಲಾ ನನ್ನ ರೂಮಲ್ಲಿದೆ."

"ಅದನ್ನೇ ನಾನೂ ಹೇಳ್ತಿರೋದು. ನಮ್ಮ ಹತ್ರ ಇಲ್ಲ."

"ಗಡಿಯಾರ ವಾಪಸ್ ತಗೊಂಡುಬಿಡಿ."

"ಧಾರಾಳವಾಗಿ ಕೊಡಿ. ಆದ್ರೆ ಕಟ್ಟಿದ ಗಡಿಯಾರ ಮತ್ತೆ ಮಾರೋಕಾಗಲ್ಲ, ಪುಡಿ ಮಾಡ್ಬೇಕು. ಪುಡಿ ನಿಮ್ಮನೆಗೇ ಬರುತ್ತೆ. ಪುಡಿ ಮಾಡಿದ ಹೊಗೆ ಬೇರೆ ಚೀಲದಲ್ಲಿ." ಮೇಡಮ್ಮಿಗೆ ಅವನ ಮುಖ ನೋಡಿ ನಿಜವಾಗಿಯೂ ಪಾಪ ಅನಿಸಿತು. "ಇಷ್ಟು ದೂರ ಬಂದಿದ್ದೀರಿ, ಬರಿಗೈಲಿ ಕಳಿಸಬಾರದು. ತಗೊಳ್ಳಿ, ಕಂಪನಿ ಕಡೆಯಿಂದ ಒಂದು ಬಟ್ಟೆ ಚೀಲ. ಇದರ ಬಣ್ಣದ ನೀರು ಸೋಮವಾರ ತಲುಪುತ್ತೆ."

ಚೀಲವನ್ನು ಮೇಜಿನ ಮೇಲೇ ಬಿಟ್ಟು, ಎದ್ದೆನೋ ಬಿದ್ದೆನೋ ಎಂದು ಓಡಿಬಂದ.

ಬೀದಿಯಲ್ಲಿ ಯಾರಾದರೂ ಒಂದು ಕೋಣೆ ಬಿಟ್ಟುಕೊಟ್ಟಾರೇನೋ ಎಂದು ಮನೆಮನೆ ತಿರುಗಿದ. ಔಷಧಿ ಅಂಗಡಿಯವನು ತಲೆ ಕೆರೆದುಕೊಂಡು, "ಆ ರೂಮಲ್ಲಿ ಸ್ವಲ್ಪ ಸಾಮಾನಿದೆ ಮಾರಾಯ," ಎಂದ. ಬಟ್ಟೆ ಹೊಲಿಯುವಾಕೆ, "ರೂಮಾ? ನಮಗೆಲ್ಲಿಂದ ಬಂತು ರೂಮು?" ಎನ್ನುವಾಗಲೇ ಅವಳ ಹಿಂದಿನ ಬಾಗಿಲ ಸಂದಿಯಿಂದ ಹೊಗೆ ಇಣುಕಿತು, ಅವಳು ಅದನ್ನು ಕಾಲಲ್ಲೇ ಒಳಗೆ ತಳ್ಳಿದಳು. ನಿವೃತ್ತ ಮೇಷ್ಟ್ರು ಬಚ್ಚಲುಮನೆಯಲ್ಲಿ ಹಾಸಿಗೆ ಹಾಸಿಕೊಂಡು ಪೇಪರ್ ಓದುತ್ತಿದ್ದರು. "ಇಲ್ಲಿ ತಂಪಾಗಿರುತ್ತೆ," ಎಂದರು, ಕೇಳದಿದ್ದರೂ. ಎಲ್ಲರ ಮೈಮೇಲೂ ಹೊಸದೇನೋ ಇತ್ತು, ಎಲ್ಲರ ಮನೆಯಲ್ಲೂ ಒಂದು ಬಾಗಿಲಿಗೆ ಬೀಗ ಬಿದ್ದಿತ್ತು. ಅದರ ವಿಷಯ ಒಬ್ಬರೂ ಬಾಯಿ ಬಿಡಲಿಲ್ಲ.

ಶನಿವಾರ ಅದೇ ಲಾರಿ ಮೇಷ್ಟ್ರ ಮನೆಗೆ ಫ್ರಿಜ್ಜಿನ ಕಸ ಇಳಿಸಲು ಬಂತು. ಇವನು ಹೋಗಿ ಡ್ರೈವರಿನ ಕೈ ಹಿಡಿದುಕೊಂಡ.

"ನನ್ನದನ್ನ ತಗೊಂಡೋಗಿಬಿಡಪ್ಪ. ಮೊದಲೆಲ್ಲಿ ಸುರೀತಿದ್ರೋ ಅಲ್ಲೇ ಸುರಿ."

"ಕಂಪನಿ ಸುರಿಯೋ ಹಾಗಿಲ್ಲ ಸಾರ್, ಈಗ ಅದು ತಪ್ಪು. ನೀವು ಸುರಿಸಬಹುದು. ಜವಾಬ್ದಾರಿ ನಿಮ್ಮದಲ್ವಾ?" ಡ್ರೈವರ್ ಅವನ ಮಣಿಕಟ್ಟು ನೋಡಿದ. "ಕೂಲಿ ಬೇಡ. ಆ ಗಡಿಯಾರ ಕೊಡಿ, ಸಾಕು."

ಕೊಟ್ಟ. ಪೀಡೆ ತೊಲಗಿತು ಎಂದು ಕೊಟ್ಟ. ಮೂಟೆ, ಪೆಟ್ಟಿಗೆ, ಡ್ರಮ್ಮು, ಹೊಗೆ ಎಲ್ಲ ಲಾರಿ ಹತ್ತಿದವು. ಹೆಂಡತಿ ಕೋಣೆಯನ್ನು ತೊಳೆದು ಒರೆಸಿ, ಹಾಸಿಗೆ ಹಾಸುವುದಕ್ಕೂ ಆಂಬುಲೆನ್ಸ್ ಬರುವುದಕ್ಕೂ ಸರಿಹೋಯಿತು.

ಅಂಗಡಿಯಿಂದ ಕೋಣೆಗೆ ಹೋಗುವ ತಿರುವಿನಲ್ಲಿ ಸ್ಟ್ರೆಚರ್ ತಿರುಗಲಿಲ್ಲ. ಆಸ್ಪತ್ರೆಯ ಹುಡುಗರು ಹಾಗೆ ಎಳೆದರು, ಹೀಗೆ ಎಳೆದರು. ಅಕ್ಕ ಹಲ್ಲು ಕಚ್ಚಿಕೊಂಡು ನೋವು ನುಂಗುತ್ತಿದ್ದಳು. ಲಾರಿ ತುಂಬಿ ಅಲ್ಲೇ ನಿಂತಿದ್ದ ಡ್ರೈವರ್ ಮುಂದೆ ಬಂದು ಒಂದು ಕೈ ಬೆನ್ನಿಗೆ, ಒಂದು ಕೈ ಮಂಡಿಯ ಕೆಳಗೆ ಕೊಟ್ಟು, ನಿದ್ದೆಗೂಸನ್ನು ಎತ್ತುವಂತೆ ಎತ್ತಿ ಹಾಸಿಗೆಯ ಮೇಲೆ ಮಲಗಿಸಿದ.

"ಎಷ್ಟು ನಾಜೂಕಾಗಿ ಎತ್ತಿದೆಯಪ್ಪ," ಎಂದಳು ಅಕ್ಕ. "ಆಸ್ಪತ್ರೇಲೂ ಯಾರೂ ಹೀಗೆ ಎತ್ತಲಿಲ್ಲ. ಅಭ್ಯಾಸ ಇದೆಯಾ?"

"ಮನೇಲಿ ಅಕ್ಕ ಇದಾಳಮ್ಮ. ಮೂಳೆ ಮೆತ್ತಗಾಗಿ ಮಲಗಿಬಿಟ್ಟಿದಾಳೆ. ಹೊಳೆ ದಂಡೇಲಿ ಮನೆ. ಅದೇ ನೀರು ಕುಡಿದು ಬೆಳೆದವರು ನಾವು."

"ನೀರಿಗೇನಾಗಿತ್ತು?"

"ಕಪ್ಪಗಿತ್ತಮ್ಮ. ಕಂಪನಿ ಸುರಿಯೋದು ನಿಂತ ಮೇಲೆ, ಈಚೆಗೆ ಸ್ವಲ್ಪ ತಿಳಿ ಆಗ್ತಾ ಬಂದಿತ್ತು." ಅವನ ದನಿಯಲ್ಲಿ ದೂರೇನೂ ಇರಲಿಲ್ಲ. ಕನ್ನಡಕದವನ ಕಡೆ ತಿರುಗಿ, "ಬರ್ತೀನಿ ಸಾರ್. ಕತ್ತಲಾಗೋದ್ರೊಳಗೆ ಸುರಿದು ಮನೆ ಸೇರ್ಕೊಳ್ತೀನಿ," ಎಂದು ಹೊರಟ.

ಕನ್ನಡಕದವನು ಅವನ ಹಿಂದೆಯೇ ಬಾಗಿಲವರೆಗೆ ಹೋದ. ಲಾರಿ ಇನ್ನೂ ಅಲ್ಲೇ ಇತ್ತು. ಡ್ರೈವರ್ ಹಗ್ಗ ಬಿಗಿಯುತ್ತಿದ್ದ. ನಿಲ್ಲು ಅಂದರೆ ನಿಲ್ಲುತ್ತಿದ್ದ. ನಿಲ್ಲಿಸಿದರೆ ಡ್ರಮ್ಮುಗಳು ಮತ್ತೆ ಒಳಗೆ ಬರಬೇಕು, ಅಕ್ಕ ಹೊರಗೆ ಹೋಗಬೇಕು. ಇಂಜಿನ್ ಚಾಲೂ ಆಯಿತು.

"ಎಷ್ಟು ಚೊಕ್ಕವಾಗಿ ಇಟ್ಟಿದ್ದೀಯೋ ರೂಮನ್ನ, ನನಗೋಸ್ಕರ," ಒಳಗಿನಿಂದ ಅಕ್ಕ ಕರೆದಳು. "ಬಾ ಇಲ್ಲಿ."

ಅವನು ಒಳಗೆ ಹೋಗಿ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತ. ಅಕ್ಕ ತಲೆ ನೇವರಿಸಿದಳು. ನಾಚಿಕೆಯಿಂದ ಮೈಯೆಲ್ಲ ಉರಿಯುತ್ತಿದ್ದರೂ ಅವನು ತಲೆಯನ್ನು ಆ ಕೈಯ ಕೆಳಗಿಂದ ತೆಗೆಯಲಿಲ್ಲ. ಲಾರಿಯ ಸದ್ದು ಬೀದಿಯ ತಿರುವು ದಾಟುವವರೆಗೂ ಬಾಯಿಯನ್ನೂ ತೆರೆಯಲಿಲ್ಲ.