ಬೀಗರೂ ಬೀಗವೂ

ಕಣ್ಣಿಗೆ ಮಬ್ಬು ಕವಿದು ಅಕ್ಷರ ಕಾಣದಂತಾದ ಮೇಲೆ ಉಷಾರಾಣಿಯವರ ಓದು ಕಿವಿಗೆ ವರ್ಗವಾಗಿತ್ತು. ಆದರೆ ದುಡ್ಡು ಕೊಟ್ಟು ಕೊಂಡ ಇ-ಪುಸ್ತಕಕ್ಕೆ ನಕಲಾಗದಂತೆ ಹಾಕಿದ್ದ ಡಿಜಿಟಲ್ ಬೀಗ, ಅದನ್ನು ಗಟ್ಟಿಯಾಗಿ ಓದಲು ಫೋನಿಗೆ ಬಿಡುತ್ತಿರಲಿಲ್ಲ. ಕಾಪೆಲ್ ಊರಿನ ತಮ್ಮ ಮನೆಯಲ್ಲೇ ಕೂತು, ಪರದೆಯ ಅಕ್ಷರಗಳನ್ನು ಕಂಪ್ಯೂಟರಿನಿಂದಲೇ ಓದಿಸಿಕೊಂಡು, ಅವರು ಆ ಬೀಗ ತೆಗೆದರು. ಜೀವಮಾನವೆಲ್ಲ ಸಾಫ್ಟ್‌ವೇರ್ ಬರೆದ ಕೈಗೆ ಅದೇನು ಮಹಾ.

ಹ್ಯೂಸ್ಟನ್ನಿನಿಂದ ಬಂದಿದ್ದ ಮಗಳ ಮಾವ ಚಂದ್ರಮೋಹನ, ಫೋನು ಕನ್ನಡ ಕಾದಂಬರಿ ಓದುವುದನ್ನು ಕೇಳಿ ಕಾಫಿ ಲೋಟ ಕೆಳಗಿಟ್ಟರು.

"ಪುಸ್ತಕದ ಬೀಗ ಒಡೆಯೋದು ಈ ದೇಶದಲ್ಲಿ ಅಪರಾಧ ಕಣ್ರೀ. ದುಡ್ಡು ಕೊಟ್ಟಿದ್ರೂ ಅಷ್ಟೇ."

"ಕಣ್ಣು ಕಾಣದವರು ಕೇಳಿಸಿಕೊಳ್ಳಲಿ ಅಂತ ಕಾನೂನೇ ವಿನಾಯಿತಿ ಕೊಟ್ಟಿದೆ, ಬೀಗರೇ. ತಿಳಕೊಂಡೇ ಕೈ ಹಾಕಿದ್ದು."

ಬೀಗರ ಎದುರು ದನಿ ಏರಿಸಬಾರದೆಂದು ಉಷಾರಾಣಿ ಮಾತನ್ನು ಅಲ್ಲಿಗೇ ನಿಲ್ಲಿಸಿ, ಕೋಡುಬಳೆ ತಟ್ಟೆಯನ್ನು ಅವರತ್ತ ಸರಿಸಿದರು. ಫೋನು ಓದುತ್ತಲೇ ಇತ್ತು. ಕತೆಯ ಕೊಲೆಗಾರ ಬಾಗಿಲು ತಟ್ಟುವ ಹೊತ್ತಿಗೆ ಚಂದ್ರಮೋಹನ ಕುರ್ಚಿಯನ್ನು ಫೋನಿನ ಹತ್ತಿರ ಎಳೆದುಕೊಂಡಿದ್ದರು.

ಹೊರಡುವಾಗ ಶೂ ಹಾಕಿಕೊಳ್ಳುತ್ತ ಮೆಲ್ಲಗೆ ಕೇಳಿದರು. "ಹೇಗೂ ಬೀಗ ತೆಗೆದಿದೀರಲ್ಲ, ಆ ಫೈಲ್ ನನಗೂ ಕಳಿಸಿಬಿಡಿ. ದಾರೀಲಿ ಕೇಳ್ಕೊಂಡು ಡ್ರೈವ್ ಮಾಡ್ತೀನಿ."

ಅಪರಾಧದ ಪಾಠ ಅಷ್ಟು ಬೇಗ ಮರೆತುಹೋಗಿತ್ತು. ಆದರೂ ಬೀಗರನ್ನು ಬರಿಗೈಲಿ ಕಳಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಉಷಾರಾಣಿ ಒಳಗೆ ಹೋಗಿ, ಡಬ್ಬಿ ತುಂಬ ಕೋಡುಬಳೆ ತಂದು ಅವರ ಕೈಗಿಟ್ಟರು.

"ಇದು ನಾನು ಕರಿದದ್ದು, ಎಷ್ಟು ಬೇಕಾದ್ರೂ ತಗೊಂಡು ಹೋಗಿ. ಪುಸ್ತಕ ನಾನು ಬರೆದದ್ದಲ್ಲ, ಕೊಂಡ್ಕೊಳ್ಳಿ."