ಸಪೂರ ತುದಿ

ಸಪೂರ ತುದಿ ಹೊರಗೆ ಉಂಟು, ಹಾಯಿಯ ಕಿಸೆಯಿಂದ ಒಂದು ಗೇಣು ಹೊರಗೆ, ಗಾಳಿಗೆ ನಡುಗುತ್ತಾ, ಅದು ಒಳಗಿರಬೇಕಾದದ್ದು — ಹಾಯಿ ಮಡಚದಂತೆ ಹಿಡಿಯುವ ಬ್ಯಾಟನ್ ಪಟ್ಟಿಯ ಸಪೂರ ತುದಿ ಮೊದಲು ಒಳಗೆ, ಕಂಬದ ಕಡೆಗೆ, ದಪ್ಪ ತುದಿ ಹಿಂದೆ, ಹೀಗೆ ಹೇಳಿಕೊಟ್ಟವರು ಪಪ್ಪ, ಈಗ ಉಲ್ಟಾ ತುರುಕಿ ಮರಳಲ್ಲಿ ಕುಳಿತವರೂ ಪಪ್ಪ, ಮಸ್ಕತ್ತಿನಲ್ಲಿ ಅರ್ಧ ಆಯುಷ್ಯ ಯಾರ್ಯಾರದೋ ದೋಣಿಗೆ ಹಾಯಿ ಕಟ್ಟಿದ ತಾರಾನಾಥ, ಕಣ್ಣು ಮುಚ್ಚಿದರೂ ಬೆರಳಿಗೆ ಗೊತ್ತಾಗುತ್ತದೆ ಮಗಾ ಎನ್ನುತ್ತಿದ್ದವರು. ನಾನು ನಕ್ಕೆ. ಪರೀಕ್ಷೆ ಅಂದುಕೊಂಡೆ, ಮೊದಲೆಲ್ಲ ಬೇಕೆಂದೇ ತಪ್ಪು ಮಾಡಿ ನನ್ನ ಮುಖ ನೋಡುತ್ತಿದ್ದರು. ಪಪ್ಪ, ಉಲ್ಟಾ ಹೋಯಿತು ಅಂದೆ, ತುಳುವಿನಲ್ಲಿ, ಮನೆಯಲ್ಲಿ ನಾವು ಬೇರೆ ಏನು ಆಡಿದ್ದೇವೆ — ತಲೆ ಎತ್ತಿದರು, ಮರ್ಯಾದೆಯಿಂದ ನೋಡಿದರು, ಕನ್ನಡದಲ್ಲಿ ಕೇಳಿದರು, ನೀವು ಎಲ್ಲಿಂದ ಬಂದದ್ದು, ಮಣಿಪಾಲದವರಾ? ಕನ್ನಡದಲ್ಲಿ. ನನ್ನ ಹತ್ತಿರ. ಬ್ಯಾಂಕಿನಲ್ಲಿ ಆಡುವ ಕನ್ನಡ, ಹಾಯಿ ಕಲಿಯಲು ಬರುವವರ ಹತ್ತಿರ ಆಡುವ ಕನ್ನಡ, ಪೂರ್ತಿ ಪೂರ್ತಿ ಪದ, ನೀವು, ಬನ್ನಿ, ಕುಳಿತುಕೊಳ್ಳಿ — ಈ ದನಿಯಲ್ಲಿ ಅವರು ನನ್ನ ಹತ್ತಿರ ಒಮ್ಮೆಯೂ ಆಡಿಲ್ಲ, ಬೈಯುವಾಗಲೂ ಇಲ್ಲ. ಕಾಲು ತಣ್ಣಗಾಗಿದೆ, ಮರಳು ಸುಡುತ್ತಿದೆ, ಎರಡೂ ಒಟ್ಟಿಗೆ. ಹಿಂದಿನಿಂದ ಚೈತಾಲಿ ಕೂಗುತ್ತಾಳೆ, ಪಪ್ಪನ ಹೊಸ ಶಿಷ್ಯೆ, ಲೈಫ್ ಜಾಕೆಟ್ ಹಾಕಿ ನೀರಲ್ಲಿ ನಿಂತಿದ್ದಾಳೆ, ಅಂಕಲ್, ಇವತ್ತಾದರೂ ನನ್ನನ್ನು ಕಡಲಿಗೆ ಹಾಕಬೇಡಿ ಮಾರಾಯ್ರೆ! ಪಪ್ಪ ತಕ್ಷಣ, ಬಿದ್ದರೆ ಎಂತ, ಉಪ್ಪಿನಲ್ಲಿ ಕೆಡುವುದಿಲ್ಲ ನೀವು, ಒಣಮೀನು ನೋಡಿಲ್ವಾ. ಅವಳು ನಗುತ್ತಾಳೆ. ಅವಳಿಗೂ ನೀವು, ನನಗೂ ನೀವು. ಹೋದ ವಾರ ಉಡುಪಿಯಿಂದ ಕಾಪುವಿಗೆ ಬರಬೇಕಾದ ಪಪ್ಪ ಎದುರು ದಿಕ್ಕಿನ ಸಂತೆಕಟ್ಟೆಯಲ್ಲಿ ಇಳಿದು ಮನೆಯ ದಾರಿ ಕೇಳಿದ್ದರು, ಗುಳ್ಳದ ಸಾಂಬಾರು ಉಣ್ಣುತ್ತಾ ನಾನೇ ತಮಾಷೆ ಮಾಡಿದೆ, ಪಪ್ಪನಿಗೆ ಸಂತೆಕಟ್ಟೆಯಲ್ಲಿ ಇನ್ನೊಂದು ಮನೆ ಉಂಟು ಅಮ್ಮ, ವಿಚಾರಿಸು — ಅಮ್ಮ ನಗಲಿಲ್ಲ, ಬಡಿಸುವ ಸೌಟು ಪಾತ್ರೆಯ ಮೇಲೆ ನಿಂತುಹೋಗಿತ್ತು, ನಾನು ನೋಡಿದೆ, ನೋಡಿಯೂ ಅನ್ನ ಕೇಳಿದೆ.

ಪಟ್ಟಿಯನ್ನು ಕಿಸೆಗೆ ಬಿಗಿಯುವ ಹಗ್ಗ ಎಳೆಯುತ್ತಿದ್ದಾರೆ. ಬಟ್ಟೆಯ ನೆರಿಗೆ ಹೋಗುವಷ್ಟು ಬಿಗಿ ಸಾಕು, ಹೆಚ್ಚಾದರೆ ದೋಣಿ ತಿರುಗುವಾಗ ಹಾಯಿ ಹೊರಳುವುದಿಲ್ಲ, ಆ ಕಡೆಗೇ ಸೆಟೆದು ನಿಲ್ಲುತ್ತದೆ — ಎರಡು ಬೆರಳಲ್ಲಿ ಬಟ್ಟೆ ಚಿವುಟಿ ನೋಡಿ ತುಳುವಿನಲ್ಲಿ ಯಾವು ಎನ್ನುತ್ತಿದ್ದರು, ಯಾವು ಮಗಾ, ಸಾಕು, ಆ ಪದ ಬಂದಮೇಲೆ ಗಂಟು. ನೆರಿಗೆ ಹೋಯಿತು. ಇನ್ನೂ ಎಳೆಯುತ್ತಿದ್ದಾರೆ. ಹೊಲಿಗೆ ಕಿರ್ ಎನ್ನುತ್ತಿದೆ, ಆ ಪದ ಬರುತ್ತಿಲ್ಲ. ಕೈ ಹಾಕಿದೆ. ಬಿಡಿ ಮೇಡಂ, ನಮಗೆ ಗೊತ್ತುಂಟು. ಎಂತ ಶ್ರೇಯಾ, ಅಪ್ಪ ಮಗಳು ಹಗ್ಗಜಗ್ಗಾಟವಾ? ನೀರಿನಿಂದ ಚೈತಾಲಿ ಕೇಳುತ್ತಾಳೆ. ಅವಳು ಈ ದೋಣಿಯಲ್ಲಿ ಕೂರುವವಳು, ಈಜು ಅರ್ಧಂಬರ್ಧ, ಗಾಳಿ ಏರುತ್ತಿದೆ, ಪಪ್ಪನಿಗೆ ಇವತ್ತು ಆಗುವುದಿಲ್ಲ ಎಂದು ನಾನು ಹೇಳಬೇಕು, ಹೇಳಿದರೆ ಇವತ್ತು ಮಾತ್ರ ಅಲ್ಲ, ಕಡಲೇ ಮುಗಿಯಿತು ಅವರಿಗೆ, ಆಮೇಲೆ ಜಗಲಿ, ಮಾತ್ರೆ, ಟಿವಿ — ಹೇಳುವುದು ಯಾವ ಭಾಷೆಯಲ್ಲಿ, ತುಳುವಿನಲ್ಲಿ ಕೇಳುವವರು ಇಲ್ಲ, ಕನ್ನಡದಲ್ಲಿ ನಾನು ಯಾರು? ಹಗ್ಗ ಬಿಡಿಸಿದೆ. ಬ್ಯಾಟನ್ ಹೊರಗೆ ಎಳೆದೆ, ಇದು ಇಲ್ಲದೆ ಅವರು ಹಾಯಿ ಏರಿಸುವುದಿಲ್ಲ. ಅವರು ದಪ್ಪ ತುದಿ ಹಿಡಿದರು. ಕೊಡಿ. ನಾನು ಕೊಡುವುದಿಲ್ಲ. ಕೊಡಿ ಅಂದೆ ಅಲ್ವಾ — ನಮ್ಮಿಬ್ಬರ ನಡುವೆ ಅದು ಬಾಗುತ್ತಿದೆ, ಬಾಗುತ್ತಿದೆ, ಬಾಯಿಂದ ಬಂದದ್ದು ಅದೊಂದೇ, ಯಾವು ಪಪ್ಪ, ಯಾವು. ಅವರ ಕೈ ಸಡಿಲವಾಯಿತು. ಮುಖ ಅರಳಿತು, ದೂರದ ಊರಲ್ಲಿ ನಮ್ಮವರು ಸಿಕ್ಕಿದ ಹಾಗೆ.

ಓ, ನಿಮಗೆ ತುಳು ಬರುತ್ತದಾ?

ಸಪೂರ ತುದಿ, ನನ್ನ ಮುಷ್ಟಿಯಿಂದ ಹೊರಗೆ, ನಡುಗುತ್ತಾ, ಸಪೂರ ತುದಿ —