ಎಂಟು ಎಣಿಕೆಯ ಮೌನ

ನನ್ನ ಅಕ್ಕನ ಸ್ಯಾಕ್ಸೊಫೋನ್ ಬಗ್ಗೆ ಬರೆದವರೆಲ್ಲ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದಾರೆ: ಅದು ಮೃದು. ಒಬ್ಬರು ರೇಷ್ಮೆ ಎಂದರು, ಇನ್ನೊಬ್ಬರು ಬೆಳದಿಂಗಳು ಎಂದರು, ಮೂರನೆಯವರಿಗೆ ಅಮ್ಮನ ಮಡಿಲು ನೆನಪಾಯಿತಂತೆ. ಮೂವತ್ತೊಂದು ವರ್ಷ ಅವಳ ಪಕ್ಕದಲ್ಲಿ ನಿಂತು ಬೇಸ್ ಗಿಟಾರ್ ನುಡಿಸಿದವನು ನಾನು. ಬೇಸಿನವನನ್ನು ಯಾರೂ ನೋಡುವುದಿಲ್ಲ, ಹಾಗಾಗಿ ಅವನಿಗೆ ಎಲ್ಲರನ್ನೂ ನೋಡಲು ಬಿಡುವಿರುತ್ತದೆ. ನಾನು ಕಂಡದ್ದು ಇಷ್ಟೆ: ಅಕ್ಕ ಸಿಟ್ಟಿಲ್ಲದೆ ಒಂದು ಸ್ವರವನ್ನೂ ಊದಿದವಳಲ್ಲ.

ಜಾಝ್‌ನಲ್ಲಿ ಹಾಡು ಒಂದು ಸುತ್ತು ಮುಗಿದ ಮೇಲೆ ಅದರದೇ ಅಡಿಪಾಯದ ಮೇಲೆ ಆ ಕ್ಷಣಕ್ಕೆ ಹೊಳೆದದ್ದನ್ನು ಕಟ್ಟುತ್ತ ಹೋಗಬೇಕು. ನಮ್ಮಲ್ಲಿ ಮನೋಧರ್ಮ ಎನ್ನುವುದು ಇದಕ್ಕೇ. ಬಹಳ ಮಂದಿ ಅಲ್ಲಿ ಸ್ವರಗಳನ್ನು ತಡಕಾಡುತ್ತಾರೆ, ಸಿಕ್ಕಿದ್ದನ್ನೆಲ್ಲ ಎತ್ತಿ ಎಸೆಯುತ್ತಾರೆ. ಅಕ್ಕ ಹಾಗಲ್ಲ. ಮನಸ್ಸಿನಲ್ಲೇ ಯಾರಿಗೋ ಒಂದು ಮಾತು ಹೇಳುತ್ತಾಳೆ. ಆ ಮಾತು ಏರಿದಲ್ಲಿ ಏರುತ್ತಾಳೆ, ತಡವರಿಸಿದಲ್ಲಿ ತಡವರಿಸುತ್ತಾಳೆ, ಉಸಿರು ಬೇಕಾದಲ್ಲಿ ನಿಲ್ಲುತ್ತಾಳೆ. ಚಿಕ್ಕವಳಿದ್ದಾಗ ಅಪ್ಪನೆದುರು ತುಟಿ ಪಿಟಕ್ಕೆನ್ನುವಂತಿರಲಿಲ್ಲ. ವಾದ್ಯ ತೆಗೆದು, ಹೇಳಬೇಕಾದ್ದನ್ನೆಲ್ಲ ಅವರ ಮುಖಕ್ಕೇ ಊದುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿ ಕೇಳಿ, "ಬಹಳ ಚೆನ್ನಾಗಿದೆ ಕಣೇ, ಇನ್ನೊಂದ್ಸಲ" ಎನ್ನುತ್ತಿದ್ದರು. ನಾಲ್ಕು ವರ್ಷ ಹೀಗೆ ಬೈಸಿಕೊಂಡು ಸಂತೃಪ್ತರಾಗಿದ್ದರು.

ಈ ಗುಟ್ಟು ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ಅಕ್ಕನ ಗಂಡ, ನಮ್ಮ ಮೂವರ ತಂಡದಲ್ಲಿ ಡ್ರಮ್ಸ್ ನುಡಿಸುವ ಭಾವ, ಅವರಿಗೂ ಗೊತ್ತಿರಲಿಲ್ಲ. ಭಾವ ಒಳ್ಳೆಯವರು. ಭೂಮಿ ಬಿರಿದರೂ ತಾಳ ತಪ್ಪುವವರಲ್ಲ. ಅವರ ತೊಂದರೆಯೂ ಅದೇ.

ಅಕ್ಕ ಹದಿನೆಂಟು ವರ್ಷದಿಂದ ಒಂದು ಸಂಗೀತ ಶಾಲೆಯಲ್ಲಿ ಬುಧವಾರದ ತರಗತಿ ನಡೆಸುತ್ತಿದ್ದಾಳೆ. ಮೂರನೆಯ ಮಹಡಿಯ ಮೂಲೆಯ ಕೋಣೆ. ಕೆಳಗೆ ಟೈರ್ ಅಂಗಡಿ. ಅರ್ಧ ಗಂಟೆಗೊಮ್ಮೆ ಗಾಳಿಯ ಪಂಪು ಎಲ್ಲರ ಸ್ವರದ ಮೇಲೂ ಉಸ್ಸೆನ್ನುತ್ತದೆ. ಮೊದಲ ತಿಂಗಳು ಯಾರೂ ವಾದ್ಯವನ್ನು ಪೆಟ್ಟಿಗೆಯಿಂದ ತೆಗೆಯುವಂತಿಲ್ಲ. "ಯಾರಿಗಾದ್ರೂ ಹೇಳಬೇಕಾದ್ದನ್ನ ಹೇಳದೆ ಇಟ್ಕೊಂಡಿದ್ದೀಯಾ?" ಇದು ಅವಳ ಮೊದಲ ಪಾಠ. ಇಲ್ಲ ಎಂದವರನ್ನು ಪಕ್ಕದ ಪಿಯಾನೊ ತರಗತಿಗೆ ಕಳಿಸುತ್ತಾಳೆ.

ಹೊಸದಾಗಿ ಬಂದ ಪ್ರಿನ್ಸಿಪಾಲರು ಎಲ್ಲವೂ ಕಾಗದದ ಮೇಲಿರಬೇಕೆನ್ನುವ ಪೈಕಿ. ಮನೋಧರ್ಮದಲ್ಲಿ ಮಾಧುರ್ಯ ಬರುವುದು ಹೇಗೆಂದು ಹತ್ತು ಅಂಶಗಳಲ್ಲಿ ಬರೆದುಕೊಡಿ ಎಂದು ಅಕ್ಕನಿಗೆ ನಮೂನೆ ಕಳಿಸಿದರು. ಅವಳು ಒಂದನೆಯ ಸಾಲಿನಲ್ಲಿ "ಹೇಳಲು ಏನಾದರೂ ಇರಬೇಕು" ಎಂದು ಬರೆದು, ಉಳಿದ ಒಂಬತ್ತನ್ನು ಖಾಲಿ ಬಿಟ್ಟು, ಸಹಿ ಹಾಕಿ ವಾಪಸು ಕಳಿಸಿದಳು. ವಾರದೊಳಗೆ ಪತ್ರ ಬಂತು. ತರಗತಿ ಅವಳ ಕೈಯಲ್ಲೇ ಉಳಿಯಬೇಕೇ ಎಂದು ನಿರ್ಧರಿಸಲು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ತಂಡದ ಸಮೇತ ಬರಬೇಕು.

ಹೋದೆವು, ಅಕ್ಕನ ಅದೇ ಮೂಲೆಯ ಕೋಣೆಗೆ. ಪ್ರಿನ್ಸಿಪಾಲರ ಪಕ್ಕದಲ್ಲಿ ಸಿದ್ಧಾಂತ ಕಲಿಸುವ ಮೇಷ್ಟ್ರು ಕೂತಿದ್ದರು, ತೊಡೆಯ ಮೇಲೆ ತಮ್ಮದೇ ಸ್ಯಾಕ್ಸೊಫೋನ್. ಅಕ್ಕ ಹತ್ತೊಂಬತ್ತು ವರ್ಷದ ಹಿಂದೆ ಧ್ವನಿಮುದ್ರಿಸಿದ ಒಂದು ನಿಧಾನದ ಹಾಡಿನ ಮನೋಧರ್ಮವನ್ನು ಅವರು ಚುಕ್ಕೆ ಬಿಡದೆ ಬರೆದು, ಪುಸ್ತಕ ಮಾಡಿ, ಅಚ್ಚು ಹಾಕಿಸಿದ್ದರು. ನಲವತ್ತು ಪುಟ ವಿವರಣೆ. ಅಕ್ಕನನ್ನು ಹೊಗಳಿದರು. ನಿಲ್ಲಿಸಲೇ ಇಲ್ಲ. ಹೊಗಳಿ ಹೊಗಳಿ ಗೋಡೆಗೆ ಮೊಳೆ ಹೊಡೆದು ನೇತುಹಾಕುವ ಎತ್ತರಕ್ಕೆ ಏರಿಸಿದ ಮೇಲೆ, ತಾವೇ ನುಡಿಸಿ ತೋರಿಸುತ್ತೇನೆಂದರು.

ನುಡಿಸಿದರು. ಒಂದು ಸ್ವರವೂ ತಪ್ಪಲಿಲ್ಲ. ಇಸ್ತ್ರಿ ಮಾಡಿದ ಅಂಗಿಯ ಹಾಗಿತ್ತು, ಒಳಗೆ ಯಾರೂ ಇರಲಿಲ್ಲ. ಆ ಹಾಡಿನ ನಡುವೆ ಅಕ್ಕ ಎಂಟು ಎಣಿಕೆ ಸುಮ್ಮನಾಗುವ ಜಾಗವೊಂದಿದೆ. ಮೇಷ್ಟ್ರು ಅಲ್ಲಿಗೆ ಬಂದು, ವಾದ್ಯ ಇಳಿಸಿ, ಎಂಟು ಸಲ ಕಾಲು ತಟ್ಟಿ, ಮುಂದುವರಿದು ಮುಗಿಸಿದರು.

ಅಕ್ಕ ಕೇಳಿದಳು, "ಮಧ್ಯ ಸುಮ್ಮನಾದ್ರಲ್ಲ, ಅಲ್ಲಿ ಏನ್ಮಾಡ್ತಿದ್ರಿ?"

"ಎಣಿಸ್ತಿದ್ದೆ ಮೇಡಂ. ಎಂಟು."

"ಬಸ್ಸಿಗೆ ಕಾಯೋರು ಎಣಿಸ್ತಾರೆ."

"ನನ್ನ ಪುಸ್ತಕದಲ್ಲಿ ಅದನ್ನ ವ್ಯೂಹಾತ್ಮಕ ಮೌನ ಅಂತ ಕರೆದಿದ್ದೀನಿ," ಎಂದರು ಮೇಷ್ಟ್ರು, ಪುಟ ತೆರೆದು.

ಪ್ರಿನ್ಸಿಪಾಲರು ಬೆಣ್ಣೆಯಿಂದ ಕೂದಲು ತೆಗೆಯುವ ದನಿಯಲ್ಲಿ ಶುರು ಮಾಡಿದರು. ಮುಂದಿನ ತಿಂಗಳಿಂದ ಬುಧವಾರದ ತರಗತಿಯನ್ನು ಮೇಷ್ಟ್ರು ನೋಡಿಕೊಳ್ಳುತ್ತಾರೆ, ಇವತ್ತಿನದು ಒಂದು ಗೌರವದ ಬೀಳ್ಕೊಡುಗೆ ಎಂದುಕೊಳ್ಳಬೇಕು. "ನಿಮಗೆ ಮುಜುಗರ ಆಗಬಾರದು ಅಂತ ನಿಮ್ಮ ಯಜಮಾನರ ಹತ್ರ ಮೊದಲೇ ಮಾತಾಡಿದ್ದೆ. ಮೂರು ಮಹಡಿ ಹತ್ತೋದು ಅವಳಿಗೂ ಸಾಕಾಗಿದೆ, ಒಪ್ಕೋತಾಳೆ ಅಂದ್ರು."

ಕೆಳಗೆ ಗಾಳಿಯ ಪಂಪು ನಿಂತಿತು. ಭಾವ ಡ್ರಮ್ಮಿನ ಆಗಲೇ ಬಿಗಿಯಾಗಿದ್ದ ತಿರುಪೊಂದನ್ನು ಬಿಗಿ ಮಾಡತೊಡಗಿದರು.

ಕೆಲವರ ಕೋಪ ಮೂಗಿನ ತುದಿಯಲ್ಲಿರುತ್ತದೆ. ಅಕ್ಕನದು ಬೆರಳಿನಲ್ಲಿ. ವಾದ್ಯದ ಕೀಲಿಗಳನ್ನೆಲ್ಲ ಒಂದೊಂದಾಗಿ ಒತ್ತಿ ಬಿಟ್ಟಳು. ಸದ್ದಿಲ್ಲದ ಕೋಣೆಯಲ್ಲಿ ಅದು ಯಾರೋ ಹಲ್ಲು ಕಡಿದ ಹಾಗೆ ಕೇಳಿಸಿತು.

"ಮೇಷ್ಟ್ರೇ, ಪೆನ್ನು ತಗೊಳ್ಳಿ," ಎಂದಳು. "ಆ ಖಾಲಿ ಬಿಟ್ಟ ಒಂಬತ್ತು ಸಾಲು ಹೇಳ್ತೀನಿ."

ಮೇಷ್ಟ್ರು ನಿಜಕ್ಕೂ ಪೆನ್ನು ತೆಗೆದರು.

"ಅದನ್ನ ಮುದ್ರಿಸಿದ ದಿನ ಬೆಳಿಗ್ಗೆ ಮನೆಗೆ ಫೋನ್ ಬಂತು. ದೊಡ್ಡ ಬ್ಯಾಂಡು, ಆರು ತಿಂಗಳ ಪ್ರವಾಸ, ನನ್ನನ್ನೇ ಕೇಳ್ಕೊಂಡು. ಇವರು ಎತ್ತಿದ್ರು. ಅವಳು ಮನೆ ಬಿಟ್ಟು ಬರಲ್ಲ ಅಂದ್ರು, ಇಟ್ರು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕ್ತಿದ್ದೆ. ಕಿಟಕಿ ತೆಗೆದಿತ್ತು."

ಭಾವ ತಿರುಪು ಬಿಟ್ಟು ತಲೆಯೆತ್ತಿದರು. "ನಿನಗೆ ಗೊತ್ತಿತ್ತಾ?"

ಅಕ್ಕ ಆ ಕಡೆ ನೋಡಲಿಲ್ಲ. "ಸ್ಟುಡಿಯೋದಲ್ಲಿ ನಾಲ್ಕು ಜನರ ಮುಂದೆ ಜಗಳ ಆಡೋ ಹಾಗಿರ್ಲಿಲ್ಲ. ಊದಿದೆ. ನೀವು ರೇಷ್ಮೆ ಅಂತ ಬರೆದಿದ್ದೀರಲ್ಲ, ಆ ಮೊದಲನೇ ಸಾಲು, ಅದು 'ಯಾರನ್ನ ಕೇಳಿ ಹೇಳಿದ್ರಿ?' ಅಂತ. ಮೇಲೆ ಹೋಗುತ್ತಲ್ಲ, ಅದು 'ನಾನೇನು ಸತ್ತೋಗಿದ್ನಾ?' ಇಳಿಯೋದು, 'ಹಿತ್ತಲಲ್ಲೇ ಇದ್ನಲ್ಲ, ಒಂದು ಕೂಗು ಹಾಕಿದ್ರೆ ಆಗ್ತಿತ್ತು.' ಅಷ್ಟು ಕೇಳಿ ನಿಲ್ಸಿದೆ. ಅದು ವ್ಯೂಹ ಗೀಹ ಅಲ್ಲ ಮೇಷ್ಟ್ರೇ. ಪ್ರಶ್ನೆ ಕೇಳಿದೋರು ಉತ್ತರಕ್ಕೆ ಕಾಯ್ತಾರೆ."

ಆ ಧ್ವನಿಮುದ್ರಿಕೆ ನನಗೆ ಬಾಯಿಪಾಠ. ಆ ಎಂಟು ಎಣಿಕೆಯಲ್ಲಿ, ಡ್ರಮ್ಮಿನ ಮೇಲೆ ಕೋಲಿನ ಬದಲು ಆಡಿಸುವ ಭಾವನ ತಂತಿ ಬ್ರಷ್ಷುಗಳು ಕಸ ಗುಡಿಸಿದ ಹಾಗೆ ಸರಸರನೆ ಓಡುತ್ತವೆ, ಒಂದು ಕೂದಲೆಳೆಯಷ್ಟೂ ಆಚೀಚೆಯಾಗದೆ. ಆ ಸಂಯಮಕ್ಕಾಗಿ ಅವರನ್ನು ಪತ್ರಿಕೆಯೊಂದು ಹೊಗಳಿತ್ತು. ಆ ಕತ್ತರಿಸಿದ ತುಂಡನ್ನು ಅವರು ಬಹಳ ಕಾಲ ಪರ್ಸಿನಲ್ಲಿಟ್ಟುಕೊಂಡಿದ್ದರು.

"ಆಗ ಹೋಗಿದ್ರೆ ನಾನು ಇಲ್ಲಿ ಪಾಠ ಮಾಡೋಕೆ ಬರ್ತಿರ್ಲಿಲ್ಲ," ಎಂದಳು ಅಕ್ಕ. "ಅದು ಹೋಯ್ತು, ಇದು ಸಿಕ್ತು. ಈಗ ಇದನ್ನೂ ನನ್ನ ಪರವಾಗಿ ಇವರೇ ಬಿಟ್ಕೊಟ್ಟಿದ್ದಾರೆ. ಹಿತ್ತಲಲ್ಲಿ ಬಟ್ಟೆ ಇನ್ನೂ ಒಣಗಿಲ್ಲ ನೋಡಿ." ನಂತರ ನಮ್ಮ ಕಡೆ ತಿರುಗಿದಳು. "ಅದೇ ಹಾಡು. ಅದೇ ವೇಗ."

ನಾನು ನಾಲ್ಕು ಸ್ವರ ಮೀಟಿ ದಾರಿ ಮಾಡಿಕೊಟ್ಟೆ, ಬ್ರಷ್ಷು ಬಂತು, ಅವಳು ಬಂದಳು. ಈ ಸಲ ಎಲ್ಲರಿಗೂ ಅದರ ಮಾತು ಗೊತ್ತಿತ್ತು. ಯಾರನ್ನ ಕೇಳಿ ಹೇಳಿದ್ರಿ. ಕೇಳುವುದಕ್ಕೆ ಈಗಲೂ ಅಷ್ಟೇ ಇಂಪು, ಹಾಳಾದ್ದು. ಬೈಗುಳಕ್ಕೂ ಒಂದು ಆಕಾರ ಇರುತ್ತದೆ, ಮೊದಲು ಕೊನೆ ಇರುತ್ತದೆ. ಮನಸಾರೆ ಹೇಳಿದರೆ ಅದು ಹಾಡಾಗದೆ ಬೇರೆ ದಾರಿಯಿಲ್ಲ. ನಾನೇನು ಸತ್ತೋಗಿದ್ನಾ. ಪ್ರಿನ್ಸಿಪಾಲರು ತಮ್ಮ ಬೂಟು ನೋಡುತ್ತಿದ್ದರು. ಒಂದು ಕೂಗು ಹಾಕಿದ್ರೆ ಆಗ್ತಿತ್ತು. ನಿಂತಳು.

ಬ್ರಷ್ಷು ಗುಡಿಸುತ್ತಿತ್ತು. ಒಂದು, ಎರಡು, ಮೂರು. ನಾಲ್ಕಕ್ಕೆ ನಿಂತುಹೋಯಿತು.

ಭಾವ ತಾಳ ಬಿಟ್ಟದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ನನ್ನ ಬೆರಳೂ ತಂತಿಯ ಮೇಲೆ ಹಾಗೇ ಉಳಿಯಿತು. ಮೇಷ್ಟ್ರ ಕಾಲು ಅಭ್ಯಾಸಬಲದಿಂದ ಎಂಟರ ತನಕ ತಟ್ಟಿತು, ಒಂಬತ್ತಕ್ಕೂ ಅವಳು ಊದದಿದ್ದಾಗ ಗಾಳಿಯಲ್ಲೇ ನಿಂತಿತು. ಅಕ್ಕ ಕಾದಳು. ಎಣಿಸದೆ ಕಾಯುವುದು ಹೇಗಿರುತ್ತದೆಂದು ಅಲ್ಲಿದ್ದವರೆಲ್ಲ ನೋಡಿದೆವು. ಅದು ನೋಡಲು ಹಿತವಾದ ವಸ್ತುವಲ್ಲ.

"ಕೇಳ್ಲಿಲ್ಲ," ಎಂದರು ಭಾವ. "ಎರಡು ಸಲಾನೂ ನಿನ್ನನ್ನ ಕೇಳ್ಲಿಲ್ಲ. ಆ ಸಲ, ನೀನು ಹೋದ್ರೆ ವಾಪಸ್ ಬರಲ್ಲ ಅನ್ನಿಸ್ತು. ಈ ಸಲ ಅದೂ ಇಲ್ಲ. ಅಭ್ಯಾಸ."

ಅವಳು ಕ್ಷಮಿಸಿದಳೆಂದು ಬರೆದರೆ ಓದುವವರಿಗೆ ಸುಖ. ಅವಳು ಉಸಿರೆಳೆದುಕೊಂಡು, ತಾಳವಿಲ್ಲದೆ, ಒಬ್ಬಳೇ, ಮೇಷ್ಟ್ರ ಯಾವ ಪುಟದಲ್ಲೂ ಇಲ್ಲದ ಎಂಟು ಸಾಲು ಊದಿದಳು. ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಆದರೆ ಹತ್ತೊಂಬತ್ತು ವರ್ಷ ಒಂದೇ ಪ್ರಶ್ನೆಯ ಹೊಸ್ತಿಲಲ್ಲಿ ನಿಂತಿದ್ದ ಹಾಡು, ಉತ್ತರ ಕೈಗೆ ಸಿಕ್ಕಿದ್ದೇ ಮುಂದಿನ ಮಾತಿಗೆ ಹೋಯಿತು. ಮುಂದಿನ ಮಾತು ಇನ್ನೂ ಕಟುವಾಗಿತ್ತು. ಇನ್ನೂ ಚೆನ್ನಾಗಿತ್ತು.

ಮುಗಿದ ಮೇಲೆ ಪ್ರಿನ್ಸಿಪಾಲರು ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ತರಗತಿಯನ್ನು ಮೇಷ್ಟ್ರಿಗೆ ವಹಿಸುವ ಆದೇಶ ಎದುರಿಗಿತ್ತು, ಅದಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. "ಮೇಡಂ," ಎಂದರು ಕೊನೆಗೆ, "ತರಗತಿ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಏನು?"

"ಕೇಳಿದ್ರಲ್ಲ, ಸದ್ಯ," ಎಂದಳು ಅಕ್ಕ. "ನನಗೆ ಸಾಕಾಗಿಲ್ಲ. ನಾಳೆ ಬುಧವಾರ, ಬರ್ತೀನಿ. ಮಹಡಿ ಹತ್ತಿಕೊಂಡೇ ಬರ್ತೀನಿ."

ಪ್ರಿನ್ಸಿಪಾಲರು ಆದೇಶವನ್ನು ಅಡ್ಡ ಮಡಚಿ, ಉದ್ದ ಮಡಚಿ, ಜೇಬಿಗೆ ಹಾಕಿಕೊಂಡರು. ಅಕ್ಕ ವಾದ್ಯ ಒರೆಸಿ ಪೆಟ್ಟಿಗೆ ಮುಚ್ಚಿದಳು. ಬಾಗಿಲ ಹತ್ತಿರ ನಿಂತು ಮೇಷ್ಟ್ರಿಗೆ, "ನೀವೂ ಬನ್ನಿ. ವಾದ್ಯ ತರಬೇಡಿ," ಎಂದಳು. ಮೇಷ್ಟ್ರು ಅದನ್ನೂ ಬರೆದುಕೊಂಡರು.

ಅವಳ ಚಪ್ಪಲಿ ಸದ್ದು ಮೆಟ್ಟಿಲಿಳಿದು ಹೋಯಿತು. ಭಾವ ಡ್ರಮ್ಸ್‌ನ ಕಂಚಿನ ತಟ್ಟೆಯೊಂದನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದರು. ಅದನ್ನು ಚೀಲಕ್ಕೆ ಹಾಕಬೇಕೆಂಬುದು ಅವರಿಗೆ ಮರೆತುಹೋದಂತಿತ್ತು.

"ಆ ಕೊನೇ ಎಂಟು ಸಾಲು," ಎಂದರು ನನಗೆ. "ಅದರಲ್ಲಿ ಏನಂದ್ಳೋ? ನಿನಗೆ ಗೊತ್ತಾಗಿರುತ್ತೆ."

ಗೊತ್ತಾಗಿತ್ತು. ಅಚ್ಚು ಹಾಕಿಸುವಂಥದ್ದಲ್ಲ.

"ಭಾವ," ಎಂದೆ, "ಈಗಲೂ ನೀವು ನನ್ನನ್ನ ಕೇಳ್ತಿದ್ದೀರಿ."

ಅವರು ತಟ್ಟೆಯನ್ನು ಮೇಷ್ಟ್ರ ಕೈಗೆ ಕೊಟ್ಟು ಹೊರಟರು. ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿಸುತ್ತಿತ್ತು, ಎರಡು ಒಟ್ಟಿಗೆ, ಆಮೇಲೆ ಒಂದು, ಎಲ್ಲೋ ಎಡವಿ ಮತ್ತೆ ಮೂರು. ತಾಳ ಅನ್ನುವುದೇ ಇರಲಿಲ್ಲ.

ಡ್ರಮ್ಸ್ ಪೂರ್ತಿ ನಾನೇ ಇಳಿಸಬೇಕಾಯಿತು. ಮೂರು ಮಹಡಿ, ನಾಲ್ಕು ಸಲ.